ವರಸೆಗೆ ಅಂಕವೆಷ್ಟು?

ಎರ್ನಾಕುಲಂ, ತಿರುವನಂತಪುರಗಳಲ್ಲಿ ನೆಲೆಸಿರುವ ಕನ್ನಡ ಮನೆಗಳ ಮಕ್ಕಳಲ್ಲಿ ಕಳರಿಗೆ ಹೋಗುವವರೂ ಕೆಲವರಿದ್ದಾರೆ. ಊರಿನ ಗರಡಿಮನೆಯನ್ನು ಕಂಡ ಅಜ್ಜಂದಿರಿಗೆ ಇದು ಸಂತೋಷದ ಸಂಗತಿಯೇ. ಆದರೆ ಮಗು ಪಂದ್ಯಕ್ಕೆ ಹೊರಟಿತೆಂದರೆ ಒಂದು ಪ್ರಶ್ನೆ ಏಳುತ್ತದೆ. ಗುರುಪರಂಪರೆಯಿಂದ ಬಂದ ವರಸೆಗೆ ಹತ್ತಕ್ಕೆ ಆರು, ಹತ್ತಕ್ಕೆ ಎಂಟು ಎಂದು ಅಂಕ ಹಾಕುವುದು ನ್ಯಾಯವೇ?

ಕಳರಿಪಯಟ್ಟಿನ ಎಲ್ಲ ಸ್ಪರ್ಧೆಗಳಲ್ಲಿಯೂ ಈ ತೊಡಕಿಲ್ಲ. ‘ಚವಿಟ್ಟಿಪೊಂಗಲ್’ನಲ್ಲಿ ಮೇಲೆ ತೂಗುಬಿಟ್ಟ ಚೆಂಡಿಗೆ ಕಾಲು ತಾಗಿತೋ ಇಲ್ಲವೋ, ಅಷ್ಟೇ ಮಾತು. ನಮ್ಮ ಮೈಸೂರು ದಸರೆಯ ಜಟ್ಟಿ ಕಾಳಗದಲ್ಲಂತೂ ನೆತ್ತರು ಚಿಮ್ಮಿದೊಡನೆ ಕಾಳಗ ಮುಗಿಯಿತು. ವಾದಕ್ಕೆ ಎಡೆಯೇ ಇಲ್ಲ. ಕಷ್ಟವಿರುವುದು ಮೆಯ್‌ಪಯಟ್ಟಿನಲ್ಲಿ. ಅಲ್ಲಿ ಎದುರಾಳಿಯೇ ಇಲ್ಲ. ಗುರುಕ್ಕಳು ವಾಯ್ತಾರಿ ಹೇಳಿದಂತೆ ಮೈ ಬಾಗುತ್ತದೆ, ಏಳುತ್ತದೆ, ನೆಗೆಯುತ್ತದೆ. ಸರಿಯಾಯಿತೋ ತಪ್ಪಿತೋ ಎಂಬುದು ನೋಡುವವನ ಕಣ್ಣಿನಲ್ಲಿದೆ.

ಆ ಕಣ್ಣು ಯಾವ ಕಳರಿಯದು ಎಂಬುದೇ ಮೊದಲ ಸಂಕಟ. ವಡಕ್ಕನ್ ಪದ್ಧತಿಯಲ್ಲಿ ಪಳಗಿದವರಿಗೆ ತೆಕ್ಕನ್ ಪದ್ಧತಿಯ ನಿಲುವು ಒರಟಾಗಿ ಕಾಣಬಹುದು. ನಮಗೆ ಇದು ಹೊಸದಲ್ಲ. ತೆಂಕುತಿಟ್ಟಿನ ರಸಿಕರು ಬಡಗುತಿಟ್ಟಿನ ಕುಣಿತಕ್ಕೆ ಮೂಗು ಮುರಿಯುವುದನ್ನು ಎಷ್ಟು ಸಲ ಕಂಡಿಲ್ಲ! (ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ. ಆ ಕಲೋತ್ಸವ ಮೊದಲು ನಡೆದದ್ದು 1957ರಲ್ಲಿ, ನಮ್ಮ ಈ ಎರ್ನಾಕುಲಂನಲ್ಲಿಯೇ.) ಭೇದವನ್ನು ದೋಷವೆಂದು ಬಗೆಯುವುದು ಅಜ್ಞಾನ. ಹಾಗೆ ಬಗೆದು ಒಂದು ಮಗುವಿನ ಅಂಕ ಕತ್ತರಿಸುವುದು ಅನ್ಯಾಯ.

ಹಾಗಾದರೆ ದೋಷವೆಂಬುದೇ ಇಲ್ಲವೇ? ಇದೆ. ಸಿಂಹವಡಿವಿರಲಿ, ಅಶ್ವವಡಿವಿರಲಿ, ಮುಂದಿನ ಚಲನೆಗೆ ಅದು ಮೈಯನ್ನು ಅಣಿಗೊಳಿಸಬೇಕು. ಮಂಡಿ ಸಾಕಷ್ಟು ಬಾಗದಿದ್ದರೆ ನೆಗೆತಕ್ಕೆ ಬಲ ಬಾರದು. ಇದನ್ನು ಯಾವ ಪದ್ಧತಿಯ ಗುರುಕ್ಕಳೂ ಅಲ್ಲಗಳೆಯಲಾರರು. ಚಪ್ಪಾಳೆಗಾಗಿ ನಡುವೆ ತುರುಕಿದ ಲಾಗವಾದರೋ ಬೇರೆಯೇ ಮಾತು. ಶತ್ರುವಿನ ಎದುರಿಗೆ ಬೆನ್ನು ತೋರಿಸಿ ಲಾಗ ಹಾಕುವವನು ಮೈಯಿಂದ ಸುಳ್ಳು ಹೇಳುತ್ತಿದ್ದಾನೆ ಎಂದು ನನಗೆ ತೋರುತ್ತದೆ. ಪ್ರದರ್ಶನವೇ ಕೂಡದೆಂದು ಇದರ ಅರ್ಥವಲ್ಲ. ಕೋಟ್ಟಯ್ಕಲ್ ಕಣಾರನ್ ಗುರುಕ್ಕಳ ಶಿಷ್ಯ ಸಿ. ವಿ. ನಾರಾಯಣನ್ ನಾಯರರು ಜನರ ಮುಂದೆ ಆಡಿ ತೋರಿಸಿದ್ದರಿಂದಲೇ ನಶಿಸುತ್ತಿದ್ದ ಈ ವಿದ್ಯೆಗೆ ಮತ್ತೆ ಉಸಿರು ಬಂದಿತು. ತಿರುವನಂತಪುರದ ಕೋಟೆಯ ಬಳಿಯ ಸಿ.ವಿ.ಎನ್. ಕಳರಿ ಇಂದಿಗೂ ಅವರ ಹೆಸರನ್ನು ಹೊತ್ತು ನಿಂತಿದೆ.

ಅಂಕವನ್ನು ಅಳೆದು ಕೊಡುವ ದಾರಿಯನ್ನು ಚೀನೀಯರು ಹುಡುಕಿದ್ದಾರೆ. ಅವರ ವುಶು ವರಸೆಗಳು 1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟವನ್ನು ಸೇರಿದವು. ಈಚಿನ ನಿಯಮದಲ್ಲಿ ಒಟ್ಟು 10 ಅಂಕಗಳಲ್ಲಿ ಚಲನೆಯ ಶುದ್ಧಿಗೆ 5, ಒಟ್ಟಂದಕ್ಕೆ 3, ಕಠಿಣತೆಗೆ 2. ಲೆಕ್ಕ ಚೊಕ್ಕವಾಯಿತು, ಆದರೆ ಒಂದೊಂದು ಮನೆತನದ ವಿಶೇಷ ಆ ಲೆಕ್ಕದಲ್ಲಿ ಕರಗಿತೆಂದು ಹಳಬರ ಕೊರಗು. ನಮ್ಮಲ್ಲಿಯೂ ಕಳರಿಪಯಟ್ಟು 2023ರ ಗೋವಾ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಪದಕದ ಸ್ಪರ್ಧೆಯಾಗಿತ್ತು. 2025ರ ಉತ್ತರಾಖಂಡದ ಕೂಟದಲ್ಲಿ ಬರಿಯ ಪ್ರದರ್ಶನಕ್ಕೆ ಇಳಿಯಿತು. ಕೇರಳೀಯರಿಗೆ ನೋವಾದದ್ದು ಸಹಜ. ಆದರೆ ಪದಕ ಬೇಕೆಂದರೆ ಅಳತೆಗೋಲನ್ನೂ ಒಪ್ಪಬೇಕಾಗುತ್ತದೆ.

ಒಂದನ್ನು ಮಾತ್ರ ಅಳೆಯಬಾರದು: ವಂದನೆಯನ್ನು. ನೆಲವನ್ನು ಅಗೆದು ತಗ್ಗಿಸಿದ ಕುಳಿಕ್ಕಳರಿಯಲ್ಲಿ ಮಗು ಪೂತ್ತರೆಗೆ ನಮಿಸುವಾಗ ನೋಡುವವರಿರುವುದಿಲ್ಲ. ಅದಕ್ಕೂ ಅಂಕವೆಂದಾದರೆ ಮರುದಿನದಿಂದ ಅದೂ ನಟನೆಯೇ.

ಗುರುಕ್ಕಳು ಬೈದರೂ ಏಕೆ ಬೈದರೆಂದು ಶಿಷ್ಯನಿಗೆ ಗೊತ್ತು; ಅವರ ಕೈಯೇ ಅವನ ಮಂಡಿಯನ್ನು ಸರಿಪಡಿಸಿರುತ್ತದೆ. ತೀರ್ಪುಗಾರರು ಅಂಕ ಹೇಳಿ ಎದ್ದುಹೋಗುತ್ತಾರೆ. ಕಾರಣ ತಿಳಿಯದ ಮಗು, ಬಸ್ಸಿನಲ್ಲಿ ಮನೆಗೆ ಬರುವಷ್ಟರಲ್ಲಿ, ತನ್ನ ಗುರುವಿನ ಪಾಠವೇ ಕೀಳೆಂದು ನಂಬಿಬಿಡುತ್ತದೆ. ಹಿಂದಿನ ಸಾಲಿನಲ್ಲಿ ಕುಳಿತ ನಾವು ತಂದೆತಾಯಿಗಳು ಪಿಸುಗುಟ್ಟುವ ಮಾತುಗಳು ಆ ನಂಬಿಕೆಗೆ ನೀರೆರೆಯುತ್ತವೆ.

ಆದುದರಿಂದ ನನ್ನ ಬೇಡಿಕೆ ಸಣ್ಣದು. ಫಲಿತಾಂಶಕ್ಕೆ ಮೊದಲು ತೀರ್ಪುಗಾರರಲ್ಲಿ ಒಬ್ಬರು ಪ್ರತಿ ಮಗುವನ್ನೂ, ಅದರ ಗುರುವನ್ನೂ ಕರೆದು, ಕಂಡ ದೋಷವನ್ನು ಎರಡು ನಿಮಿಷ ವಿವರಿಸಲಿ. ಹದಿನೈದು ಮಕ್ಕಳಿಗೆ ಅರ್ಧ ಗಂಟೆ. ಸಮಯವಿಲ್ಲವೆಂದು ವ್ಯವಸ್ಥಾಪಕರು ಹೇಳಿಯಾರು. ಸಮಾರೋಪದ ಸನ್ಮಾನಗಳಲ್ಲಿ ಎರಡನ್ನು, ಭಾಷಣಗಳಲ್ಲಿ ಒಂದನ್ನು ಬಿಟ್ಟರೆ ಅಷ್ಟು ಹೊತ್ತು ಖಂಡಿತ ಸಿಗುತ್ತದೆ.