ಒಂದೇ ಕಡೆಗೆ ಕಾಲು

ಕುದುರೆಯ ಜೀನಿನಲ್ಲೂ ಗಂಡು, ಹೆಣ್ಣು ಎಂಬ ಭೇದವಿತ್ತೆಂದರೆ ನಿಮಗೆ ನಗು ಬರಬಹುದು. ಗಂಡಸಿನ ಜೀನಿಗೆ ಕಾಲಿಡಲು ಎರಡು ರಿಕಾಪು, ಕಡೆಗೊಂದು. ಯುರೋಪಿನ ಮರ್ಯಾದಸ್ಥ ಮನೆತನದ ಹೆಂಗಸಿಗೆ ಮಾತ್ರ ಎರಡೂ ಕಾಲು ಎಡಗಡೆಗೇ ಬರುವಂಥ ಬೇರೆ ಜೀನು. ಅದಕ್ಕೆ ಒಂದೇ ರಿಕಾಪು. ಕಾಲು ಅಗಲಿಸಿ ಕೂರುವುದು ಹೆಣ್ಣಿಗೆ ತಕ್ಕುದಲ್ಲ ಎಂಬ ವಾದ. ಮಡಿಲಲ್ಲಿ ಮಗು, ಕೈಯಲ್ಲಿ ತರಕಾರಿ ಚೀಲ ಹಿಡಿದು ಸ್ಕೂಟರಿನ ಹಿಂದೆ ಒಂದೇ ಬದಿಗೆ ಕೂತು ಊರೆಲ್ಲ ಸುತ್ತಿದ ನಮಗೆ ಈ ವಾದವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಮೊದಮೊದಲು ಈ ಜೀನು ಕುರ್ಚಿಯಂತಿತ್ತು. ಹೆಂಗಸು ಸುಮ್ಮನೆ ಕೂರಬೇಕು, ಬೇರೆಯವರು ಕುದುರೆಯನ್ನು ನಡೆಸಿಕೊಂಡು ಹೋಗಬೇಕು. ಆಮೇಲೆ ಬಲಗಾಲು ಸಿಕ್ಕಿಸಿಕೊಳ್ಳಲು ಮುಂದುಗಡೆ ಒಂದು ಕೊಂಬು ಬಂತು. ಅವಳ ಮುಖ ಮುಂದಕ್ಕೆ ತಿರುಗಿತು, ಲಗಾಮು ಅವಳ ಕೈಗೇ ಬಂತು. 1830ರ ಸುಮಾರಿಗೆ ಎಡತೊಡೆಯ ಮೇಲೆ ಬಾಗುವ ಎರಡನೆಯ ಕೊಂಬು ಸೇರಿಕೊಂಡಿತು. ಇವೆರಡಕ್ಕೂ ಕಾಲು ಬಿಗಿಹಿಡಿದರೆ ಬೀಳುವ ಭಯ ಕಡಿಮೆ. ಹೆಂಗಸರು ಕುದುರೆಯನ್ನು ನಾಗಾಲೋಟದಲ್ಲಿ ಓಡಿಸಿದರು, ಬೇಲಿ ಹಾರಿಸಿದರು. ಲಂಗ ಕೊಂಬಿಗೆ ಸಿಕ್ಕಿ, ಬಿದ್ದವಳನ್ನು ಕುದುರೆ ದರದರನೆ ಎಳೆದುಕೊಂಡು ಹೋಗುತ್ತಿದ್ದುದರಿಂದ, ಬಿದ್ದೊಡನೆ ಬಿಚ್ಚಿಕೊಳ್ಳುವ ಲಂಗಗಳೂ ಬಂದವು.

ನನ್ನ ತೊಡಕು ಇಲ್ಲಿಯೇ. ಆ ಎರಡನೆಯ ಕೊಂಬು ಹೆಣ್ಣಿಗೆ ಮಾಡಿದ್ದು ಉಪಕಾರವೋ, ಅಪಕಾರವೋ? ಜೀವ ಉಳಿಸಿದ್ದನ್ನು ಅಪಕಾರ ಎನ್ನಲು ನಾಲಗೆ ಬಾರದು. ಆದರೆ ಸಹಿಸಬಲ್ಲಷ್ಟು ಸುಖವಾದ್ದರಿಂದಲೇ ‘ಎರಡೂ ಕಾಲು ಒಂದೇ ಕಡೆಗೆ ಯಾಕೆ?’ ಎಂಬ ಪ್ರಶ್ನೆ ಇನ್ನಷ್ಟು ಕಾಲ ಮುಂದಕ್ಕೆ ಹೋಯಿತಲ್ಲವೇ? ನಮ್ಮ ಬೈಕುಗಳ ಸ್ಯಾರಿ ಗಾರ್ಡನ್ನೇ ನೋಡಿ. ಹಿಂದೆ ಕೂತವರ ಬಟ್ಟೆ ಸಿಗದಂತೆ ಹಿಂಚಕ್ರದ ಅರ್ಧದಷ್ಟನ್ನಾದರೂ ಮುಚ್ಚಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ. ಅದು ಬೇಡವೆನ್ನುವವಳು ನಾನಲ್ಲ. ಆದರೆ ಯೋಚನೆಯೆಲ್ಲ ಚಕ್ರದ ಬಗ್ಗೆಯೇ ನಡೆಯಿತು, ಕೂರುವ ರೀತಿಯ ಬಗ್ಗೆ ನಡೆಯಲಿಲ್ಲ.

ಇಸಾಬೆಲ್ಲಾ ಬರ್ಡ್ ಎಂಬ ಇಂಗ್ಲಿಷ್ ಪ್ರವಾಸಿಗೆ ಬೆನ್ನುನೋವಿನ ಕಾಟವಿತ್ತು. 1873ರಲ್ಲಿ ಹವಾಯಿ ದ್ವೀಪಗಳಿಗೆ ಹೋದಾಗ, ಅಲ್ಲಿನ ಹೆಂಗಸರಂತೆ ಎರಡೂ ಕಡೆ ಕಾಲು ಹಾಕಿ ಕೂತಳು, ಸವಾರಿ ಹಗುರಾಯಿತು. ಅದೇ ವರ್ಷ ಅಮೆರಿಕದ ರಾಕಿ ಪರ್ವತಗಳಲ್ಲೂ ನೂರಾರು ಮೈಲಿ ಹಾಗೆಯೇ ಸುತ್ತಿದಳು. ಡೆನ್ವರ್ ಪಟ್ಟಣದಿಂದ ಹೊರಡುವಾಗ ಮಾತ್ರ ಊರು ದಾಟುವವರೆಗೆ ಒಂದೇ ಬದಿಗೆ ಕೂತಳು. ಅಷ್ಟಕ್ಕೇ ಬೆನ್ನು ಹಿಡಿದುಕೊಂಡಿತು! ಹಿಮಕ್ಕೆ, ಕಣಿವೆಗೆ ಹೆದರದವಳು ಬೀದಿಯ ಕಣ್ಣಿಗೆ ಹೆದರಿದಳು. ಅತ್ತೆಮನೆಯ ತಿರುವು ಬಂದೊಡನೆ ಬೈಕಿನಿಂದ ಇಳಿದು, ವೇಲು ಸರಿಮಾಡಿಕೊಂಡು, ಒಂದು ಪಕ್ಕಕ್ಕೆ ಕೂರುವ ಹುಡುಗಿಯರನ್ನು ನೀವೂ ನೋಡಿರಬೇಕು.

ಹಾಗೆಂದು ಆ ಜೀನಿನ ಮೇಲೆ ಕಲಿತ ವಿದ್ಯೆ ಸಣ್ಣದಲ್ಲ. 1981ರ ಜೂನ್‌ನಲ್ಲಿ ಲಂಡನ್ನಿನ ಮೆರವಣಿಗೆಯೊಂದರಲ್ಲಿ ಒಬ್ಬ ಹುಡುಗ ಹುಸಿಗುಂಡು ಹಾರಿಸಿದಾಗ, ರಾಣಿ ಎರಡನೆಯ ಎಲಿಜಬೆತ್ ಹಾಗೆ ಒಂದೇ ಬದಿಗೆ ಕೂತಿದ್ದರು. ಬೆಚ್ಚಿದ ಕುದುರೆಯನ್ನು ಕ್ಷಣದಲ್ಲಿ ಹತೋಟಿಗೆ ತಂದರು.

ಈಗ ಅಲ್ಲಿ ಯಾವ ಹೆಂಗಸಿಗೂ ಆ ಕಟ್ಟಲೆಯಿಲ್ಲ. ಆದರೂ ಚಾಂಪಿಯನ್ ಅಂಡ್ ವಿಲ್ಟನ್, ಮೇಹ್ಯೂ, ಓವೆನ್ ಹೆಸರಿನ ಹಳೆಯ ಜೀನುಗಳನ್ನು ಹುಡುಕಿ ಕೊಳ್ಳುವವರಿದ್ದಾರೆ. ಗೋಡೆಗೆ ತೂಗುಹಾಕಲು ಮಾತ್ರವಲ್ಲ, ರಿಪೇರಿ ಮಾಡಿಸಿ ಸವಾರಿ ಹೋಗಲೂ. ಬ್ರಿಟನ್ನಿನಲ್ಲಿ 1974ರಲ್ಲಿ ಇದಕ್ಕೊಂದು ಸಂಘವೇ ಹುಟ್ಟಿತು. ಅಜ್ಜಿಯ ಮೇಲೆ ಹೇರಿದ್ದನ್ನು ಮೊಮ್ಮಗಳು ದುಡ್ಡು ಕೊಟ್ಟು ತರುವುದು ವಿಚಿತ್ರವೇ ಸರಿ. ಆದರೂ ಅವಳನ್ನು ಆಕ್ಷೇಪಿಸಲು ನನಗೆ ಮನಸ್ಸಿಲ್ಲ. ಬೇಸರವಾದ ದಿನ ಅವಳು ಇಳಿದು, ಕುದುರೆಗೆ ಇನ್ನೊಂದು ಜೀನು ಬಿಗಿಯಬಹುದು.