ಗೂಡಿನ ಹೂವು

ಮದುವೆ, ಸೀಮಂತ, ಬೀಳ್ಕೊಡುಗೆ ಎಂದು ನಾವು ಹೆಂಗಸರು ಕೊಡುವ ಉಡುಗೊರೆಗಳಲ್ಲಿ ಒಳಗಿನ ವಸ್ತುವಿಗಿಂತ ಮೇಲಿನ ಸಿಂಗಾರಕ್ಕೇ ಹೆಚ್ಚು ಹೊತ್ತು ಹಿಡಿಯುವುದುಂಟು. ಬಣ್ಣದ ಕಾಗದ ಸುತ್ತಿ, ಮೂಲೆಗೊಂದು ಹೂವು ಅಂಟಿಸಿ, "ನಾನೇ ಕೈಯಾರೆ ಮಾಡಿದ್ದು" ಎನ್ನುವಾಗ ದನಿಯಲ್ಲೊಂದು ಸಣ್ಣ ಹೆಮ್ಮೆ. ಅಂಗಡಿಯ ಹೂವಿಗಿಂತ ಕೈಯಾರೆ ಮಾಡಿದ್ದು ಹೆಚ್ಚು ಎಂದು ಎಲ್ಲರೂ ಒಪ್ಪುತ್ತೇವೆ. ಆದರೆ ಯಾವುದರಲ್ಲಿ ಹೆಚ್ಚು? ಅಂದದಲ್ಲಂತೂ ಅಲ್ಲ. ಅಂಗಡಿಯದರ ಎಸಳುಗಳು ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತವೆ. ನಮ್ಮದು ಒಂದು ಉದ್ದ, ಒಂದು ಸೊಟ್ಟ.

ನಮ್ಮ ಸಾವನದುರ್ಗದ ಸೀಮೆಯಲ್ಲಿ ಇಂಥ ಹೂವಿಗೆ ಕಾಗದವೇ ಬೇಕೆಂದಿಲ್ಲ, ರೇಷ್ಮೆಗೂಡಿದೆ. ಬೆಟ್ಟದ ಮೇಲಿನ ಕೋಟೆ 1791ರ ಡಿಸೆಂಬರಿನಲ್ಲಿ ಟಿಪ್ಪುವಿನ ಕೈಬಿಟ್ಟಿತು. ಆತ ಪ್ರೋತ್ಸಾಹಿಸಿ ಬೆಳೆಸಿದ ರೇಷ್ಮೆ ಮಾತ್ರ ಕೆಳಗಿನ ಊರುಗಳಲ್ಲಿ ಉಳಿದುಕೊಂಡಿತು. ರಾಮನಗರದ ಮಾರುಕಟ್ಟೆಗೆ ಹೋಗುವ ಗೂಡು ನೂಲಿಗೆ. ಅದನ್ನು ಹಬೆಗೋ ಬಿಸಿಗಾಳಿಗೋ ಒಡ್ಡಿ, ಒಳಗಿನ ಹುಳುವನ್ನು ಕೊಂದು, ಬಿಸಿನೀರಿನಲ್ಲಿ ಎಳೆ ಬಿಚ್ಚುತ್ತಾರೆ. ಮಾಗಡಿ, ಕುಣಿಗಲ್ ಕಡೆಯ ರೈತರು ಇನ್ನೊಂದು ಬಗೆಯದನ್ನೂ ಬೆಳೆಯುತ್ತಾರೆ: ಮೈಸೂರು ತಳಿಯ ಬಿತ್ತನೆ ಗೂಡು. ಅದರೊಳಗಿಂದ ಚಿಟ್ಟೆ ಜೀವಂತ ಹೊರಬಂದು ಮೊಟ್ಟೆಯಿಡಬೇಕು. ಚಿಟ್ಟೆ ತೂತು ಮಾಡಿಕೊಂಡು ಬಂದ ಗೂಡಿನಲ್ಲಿ ಎಳೆ ಅಖಂಡವಾಗಿ ಸಿಗದು, ಹಾಗಾಗಿ ಅದು ನೂಲು ಬಿಚ್ಚುವವರಿಗೆ ಬೇಡ. ಹೂವು ಮಾಡುವವರಿಗೆ ಅದೇ ಬೇಕು.

ತೂತಿನ ಕಡೆಯಿಂದ ಕತ್ತರಿ ಹಾಕಿ, ಒಳಗಿನ ಸಿಪ್ಪೆ ಉದುರಿಸಿ, ಎಸಳುಗಳಾಗಿ ಕತ್ತರಿಸಿ, ಬಣ್ಣದ ನೀರಿನಲ್ಲಿ ಅದ್ದಿ, ನೆರಳಲ್ಲಿ ಒಣಗಿಸಿ, ತೆಳು ತಂತಿಗೆ ದಾರದಿಂದ ಕಟ್ಟಿದರೆ ಹೂವಾಯಿತು. ಗೂಡಿನ ಹೊದಿಕೆಯ ತೂಕದಲ್ಲಿ ಸುಮಾರು ಕಾಲುಭಾಗ ಹುಳುವೇ ಸುರಿಸಿದ ಅಂಟು. ಅದು ಕರಗಿಹೋಗುವಂತೆ ಕುದಿಸದಿದ್ದರೆ ಎಸಳು ಬಾಗಿಸಿದ ಹಾಗೇ ನಿಲ್ಲುತ್ತದೆ.

ನಮ್ಮ ಶಾಲೆಯಲ್ಲಿ ಎಂಟನೇ ತರಗತಿಯ ಹುಡುಗಿಯೊಬ್ಬಳು ಇಂಥದೊಂದು ಹೂವನ್ನು ಕಾರ್ಡಿಗೆ ಅಂಟಿಸಿಕೊಂಡು ತಂದಳು. ಊರು ಬಿಟ್ಟು ಹೋಗುತ್ತಿದ್ದ ಗೆಳತಿಗೆ ಕೊಡಲಿಕ್ಕೆ. ಆ ಗೆಳತಿಯದು ಜೈನರ ಮನೆ, ರೇಷ್ಮೆ ಉಡುವವರಲ್ಲ. "ಇದು ಹುಳು ಕೊಲ್ಲದ ಹೂವು ಅಂತ ಕೆಳಗೆ ಬರೀಲಾ ಮಿಸ್?" ಎಂದು ಕೇಳಿದಳು.

ಹೂಂ ಎನ್ನುವುದು ಸುಲಭವಾಗಿತ್ತು. ಚಿಟ್ಟೆ ಹೊರಬಂದದ್ದು ನಿಜವೇ. ಆದರೆ ಬಿತ್ತನೆ ಕೋಠಿಯಲ್ಲಿ ತಾಯಿಚಿಟ್ಟೆ ನಾನೂರರ ಆಸುಪಾಸು ಮೊಟ್ಟೆಯಿಟ್ಟ ಮೇಲೆ ಅದನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಗಂಟುರೋಗ ತಾಯಿಯಿಂದ ಮೊಟ್ಟೆಗೆ ಇಳಿಯುವಂಥದ್ದು. 1865ರಲ್ಲಿ ಫ್ರಾನ್ಸಿನ ರೇಷ್ಮೆ ಸೀಮೆಗೆ ಹೋದ ಲೂಯಿ ಪಾಶ್ಚರ್ ಕೆಲವು ವರ್ಷ ಅಲ್ಲಿ ದುಡಿದು ರೂಢಿಸಿದ ಪರೀಕ್ಷೆ ಇದು. ಇದಿಲ್ಲದಿದ್ದರೆ ರೈತನ ಮನೆಯ ಚಂದ್ರಿಕೆಗೆ ಹುಳು ಏರುವ ಮೊದಲೇ ಬೆಳೆಯೆಲ್ಲ ತಿಪ್ಪೆಗೆ. ಅದು ಕ್ರೌರ್ಯವಲ್ಲ, ಆದರೆ ಸಾವು ಹೌದು.

ಹುಡುಗಿಗೆ ಇದು ಹೊಸದಲ್ಲ. "ನಮ್ಮಮ್ಮ ಕೋಠೀಲಿ ದಿನಾ ಅರೆಯೋದು ಅದನ್ನೇ. ಆದ್ರೆ ಚಿಟ್ಟೆ ಸತ್ತಿದ್ದು ನನ್ನ ಹೂವಿಗೋಸ್ಕರ ಅಲ್ವಲ್ಲ ಮಿಸ್?" ಎಂದಳು. ಎಂಥ ವಕೀಲರೂ ಮೆಚ್ಚುವ ಮಾತು, ಸುಳ್ಳೂ ಅಲ್ಲ. ಹೂವು ಯಾವ ಸಾವನ್ನೂ ಕೇಳಲಿಲ್ಲ, ಉಳಿದದ್ದನ್ನು ಎತ್ತಿಕೊಂಡಿತು. ಹಾಗಿದ್ದರೂ ಆ ಗೆಳತಿ ಕೈಚಾಚುವುದು ಹೂವನ್ನು ನೋಡಿಯಲ್ಲ, ಕೆಳಗಿನ ಆ ಒಂದು ಸಾಲನ್ನು ನಂಬಿ. ಅರ್ಧ ನಿಜವನ್ನು ನಂಬಿದವರಿಗೆ ಕೊಟ್ಟರೆ ಅದು ಉಡುಗೊರೆಯಾಗುತ್ತದೆಯೆ? "ನನಗೆ ಹೇಳಿದ್ದನ್ನೆಲ್ಲ ಅವಳಿಗೂ ಹೇಳು. ಬೇಕೋ ಬೇಡವೋ ಅವಳೇ ಹೇಳಲಿ" ಎಂದೆ.

ಗೆಳತಿ ಒಂದು ದಿನ ಯೋಚಿಸಿ, ಕಾಗದದ್ದೇ ಮಾಡಿಕೊಡು ಎಂದಳಂತೆ. ಇವಳು ನೋಟ್‌ಬುಕ್ಕಿನ ಹೊದಿಕೆ ಕತ್ತರಿಸಿ ಹೊಸ ಹೂವು ಮಾಡಿದಳು. ಗೂಡಿನ ಹೂವು ಅವಳ ಅಮ್ಮನ ಮುಡಿ ಸೇರಿತು.

ಒಂದು ಕಾರ್ಡಿಗೆ ಇಷ್ಟು ಧರ್ಮಸೂಕ್ಷ್ಮವೆ, ಮಗುವಿನ ಸಂತೋಷ ಕೆಡಿಸಿದಿರಿ ಎಂದು ಸಹೋದ್ಯೋಗಿಯೊಬ್ಬರು ನಕ್ಕರು. ನನಗೆ ಹಾಗನ್ನಿಸಲಿಲ್ಲ. ಅಂಗಡಿಯಿಂದ ತಂದ ಹೂವಾಗಿದ್ದರೆ ಆ ಪ್ರಶ್ನೆಯೇ ಏಳುತ್ತಿರಲಿಲ್ಲ. ಅದನ್ನು ಯಾರು ಕಟ್ಟಿದರು, ಅವರಿಗೆ ಏನು ಸಿಕ್ಕಿತು, ಯಾವ ಜೀವಕ್ಕೆ ಏನಾಯಿತು, ಮಾರುವವನಿಗೂ ತಿಳಿಯದು, ಕೊಳ್ಳುವ ನಮಗೂ ತಿಳಿಯದು. ಕೈಯಾರೆ ಮಾಡಿದ್ದು ಯಾವ ಋಣವೂ ಇಲ್ಲದ್ದು ಎಂದೇನಲ್ಲ. ಆದರೆ ಆ ಋಣ ಯಾರದು ಎಂದು ಮಾಡಿದವಳಿಗೆ ಗೊತ್ತಿರುತ್ತದೆ, ಕೇಳಿದರೆ ಹೇಳಬಲ್ಲಳು. ಅದರ ಹೆಚ್ಚುಗಾರಿಕೆ ಇರುವುದೇ ಅಲ್ಲಿ ಎಂದು ನನ್ನ ನಂಬಿಕೆ. ಹೇಳಬಲ್ಲವಳು ಹೇಳದೆ ಹೋದರೆ ಅಂಗಡಿಯದಕ್ಕೂ ಅವಳದಕ್ಕೂ ಏನು ವ್ಯತ್ಯಾಸ?

ಈಗ ಕರಕುಶಲ ತರಗತಿಯಲ್ಲಿ ಮಕ್ಕಳು ಏನೇ ಮಾಡಿದರೂ ಬೆನ್ನಿಗೆ ಒಂದು ಚೀಟಿ ಬರೆಸುತ್ತೇನೆ: ಯಾವುದು ಎಲ್ಲಿಂದ ಬಂತು ಎಂದು. ಮೊನ್ನೆ ಒಬ್ಬ ಹುಡುಗ ಬರೆದಿದ್ದ: "ಗೂಡು, ಪಕ್ಕದ ಮನೆಯವರು ಕೊಟ್ಟದ್ದು. ಅಂಟು, ಮೈದಾಹಿಟ್ಟಿನದು. ಜರಿದಾರ, ಅಜ್ಜಿಯ ಸೀರೆಯಿಂದ, ಕೇಳದೆ."