ಬಿದ್ದವನ ಬಳಿ ನಿಲ್ಲುವವರಾರು?

ಕೆ.ಜಿ.ಎಫ್.ನಿಂದ ಬೆಂಗಳೂರಿಗೆ ದುಡಿಯಲು ಹೋಗುವವರಿಂದ ಬಂಗಾರಪೇಟೆಯ ರೈಲು ನಿಲ್ದಾಣ ಬೆಳಿಗ್ಗೆ ಕಿಕ್ಕಿರಿದಿರುತ್ತದೆ. ಒಂದು ಮುಂಜಾನೆ ಅಲ್ಲಿ ಒಬ್ಬರು ಮಿಸುಕಾಡದೆ ಬಿದ್ದಿದ್ದರು. “ಬೆಳಿಗ್ಗೆಯೇ ಕುಡಿದಿದ್ದಾನೆ” ಎಂದರು ಯಾರೋ. ನಾನೂ ಅದನ್ನೇ ನಂಬಿ ಮುಂದೆ ಸರಿದೆ. ಹಣ್ಣು ಮಾರುವ ಅಜ್ಜಿಯೊಬ್ಬರು ಬುಟ್ಟಿ ಇಳಿಸಿ, ಭುಜ ತಟ್ಟಿ ಕರೆದರು. ಉತ್ತರ ಬಾರದಿದ್ದಾಗ ನಮ್ಮನ್ನು ಕೂಗಿದರು. 108ರ ಸಿಬ್ಬಂದಿ ಪರೀಕ್ಷಿಸಿದಾಗ ತಿಳಿಯಿತು: ಅವರು ಸಕ್ಕರೆ ಕಾಯಿಲೆಯವರು, ರಕ್ತದಲ್ಲಿ ಸಕ್ಕರೆ ತೀರಾ ಇಳಿದಿತ್ತು.

ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಕಾಡುತ್ತಿದೆ. ಅವರು ನಿಜಕ್ಕೂ ಕುಡಿದಿದ್ದರೆ ನಾನು ದಾಟಿ ಹೋದದ್ದು ಸರಿಯಾಗುತ್ತಿತ್ತೇ? ಇಲ್ಲ. ಕುಡಿದು ಪ್ರಜ್ಞೆ ತಪ್ಪಿದವನು ತನ್ನದೇ ವಾಂತಿಯಿಂದ ಉಸಿರುಗಟ್ಟಿ ಸಾಯಬಹುದು. ಗುಮಾನಿಯಿಂದ ದೂರವಿರಲು ಪವಿತ್ರ ಕುರ್‌ಆನ್ (49:12) ಆದೇಶಿಸುತ್ತದೆ. ಒಂದು ಜೀವ ಉಳಿಸಿದವನು ಇಡೀ ಮನುಕುಲವನ್ನೇ ಉಳಿಸಿದಂತೆ ಎಂದು ಅದು (5:32) ಎಣಿಸುತ್ತದೆ. ಆ ಜೀವ ಸಜ್ಜನನದ್ದೇ ಆಗಿರಬೇಕೆಂಬ ಷರತ್ತು ಅಲ್ಲಿಲ್ಲ. ನಾವಾದರೋ ಬಿದ್ದವನ ಉಸಿರು ನೋಡುವ ಮೊದಲೇ ಅವನ ನಡತೆಗೆ ತೀರ್ಪು ಕೊಡುತ್ತೇವೆ.

2001ರಲ್ಲಿ ಮುಚ್ಚಿದ ನಮ್ಮ ಚಿನ್ನದ ಗಣಿಯಲ್ಲಿ ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಲ್ಲಿ ಬಂಡೆ ಸಿಡಿದು ಒಬ್ಬ ಬಿದ್ದರೆ ಪಕ್ಕದಲ್ಲಿದ್ದವನೇ ಮೊದಲ ಆಸರೆ. ನೆಲದ ಮೇಲೂ ಅಷ್ಟೇ; ಆಂಬುಲೆನ್ಸ್ ಬರುವ ತನಕ ಹೊಣೆ ಹತ್ತಿರವಿದ್ದವರದ್ದು.

ಮಾಡಬೇಕಾದುದು ಕಷ್ಟದ್ದೇನಲ್ಲ. ಭುಜ ತಟ್ಟಿ ಕರೆಯಿರಿ. ಉತ್ತರವಿಲ್ಲದಿದ್ದರೆ 108ಕ್ಕೆ ಕರೆ ಮಾಡಿಸಿ. ಹತ್ತು ಸೆಕೆಂಡಿನೊಳಗೆ ಎದೆಯ ಏರಿಳಿತ ನೋಡಿ. ಉಸಿರು ಸರಿಯಿದ್ದು ಪೆಟ್ಟು ಬಿದ್ದಿರದಿದ್ದರೆ ಒಂದು ಮಗ್ಗುಲಿಗೆ ಹೊರಳಿಸಿ. ಉಸಿರಿಲ್ಲದಿದ್ದರೆ ಅಥವಾ ಆಗೊಮ್ಮೆ ಈಗೊಮ್ಮೆ ಏದುಸಿರಷ್ಟೇ ಇದ್ದರೆ, ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದಿಟ್ಟು, 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತುತ್ತಿರಿ. ಬಾಯಿಗೆ ನೀರು ಹಾಕಬೇಡಿ. ಕೈಗೆ ಬೀಗದ ಕೈ ಕೊಡುವುದರಿಂದ, ಚಪ್ಪಲಿ ಮೂಸಿಸುವುದರಿಂದ ಫಲವಿಲ್ಲ.

ಬಿದ್ದವರು ಪರಸ್ತ್ರೀಯಾದರೆ ಮುಟ್ಟಬಹುದೇ ಎಂದು ಕೆಲವರು ಕೇಳುತ್ತಾರೆ. ಅನಿವಾರ್ಯತೆಯು ನಿಷಿದ್ಧವಾದುದನ್ನೂ ಅನುಮತಿಸುತ್ತದೆ ಎಂಬುದು ಫಿಕ್‌ಹ್‌ನ ಪ್ರಸಿದ್ಧ ನಿಯಮ. ಪೊಲೀಸರ ಭಯವೇ? ರಸ್ತೆ ಅಪಘಾತದಲ್ಲಿ ಸದುದ್ದೇಶದಿಂದ ನೆರವಾದವರಿಗೆ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯೇ ರಕ್ಷಣೆ ಕೊಟ್ಟಿದೆ.

ಇನ್ನುಳಿದಿರುವುದು ರೈಲು ತಪ್ಪೀತೆಂಬ ನೆಪ. ರೈಲು ಮತ್ತೆ ಬರುತ್ತದೆ. ನಿಂತ ಉಸಿರು ಕಾಯುವುದಿಲ್ಲ.